ಮಾತ್ರೆ ಬಚ್ಚಿಡುವ ಮಗ

ಪ್ರಶ್ನೆ: ಮಗನಿಗೆ 31 ವರ್ಷ, ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದೆ. ‘ನನಗೇನೂ ಆಗಿಲ್ಲಮ್ಮ’ ಅಂತಾನೆ. ಮಾತ್ರೆಯನ್ನು ದಿಂಬಿನ ಕವರಿನೊಳಗೆ ಬಚ್ಚಿಡುತ್ತಾನೆ. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡಲೇ?

ಉತ್ತರ: ಬೇಡಮ್ಮ. ಒಮ್ಮೆ ಗೊತ್ತಾದರೆ ನೀವು ಬಡಿಸಿದ ತಟ್ಟೆಯನ್ನೂ ಅನುಮಾನದಿಂದ ನೋಡುತ್ತಾನೆ. ತನಗೆ ಕಾಯಿಲೆ ಇದೆ ಅಂತ ಅನ್ನಿಸದೇ ಇರುವುದು ಈ ಕಾಯಿಲೆಯದೇ ಲಕ್ಷಣ. ವಾದ ಮಾಡಿ ಒಪ್ಪಿಸೋಕೆ ಆಗುವುದಿಲ್ಲ. ಮಾತ್ರೆ ಯಾಕೆ ಬೇಡ ಅಂತ ಸುಮ್ನೆ ಕೇಳಿ ನೋಡಿ. ಎಷ್ಟೋ ಸಲ ಜಾಸ್ತಿ ನಿದ್ದೆ, ಮೈ ದಪ್ಪವಾಗುವುದು, ಕೈ ನಡುಕ ಇವೇ ಕಾರಣ. ಡಾಕ್ಟರಿಗೆ ಹೇಳಿದರೆ ಡೋಸ್ ಅಥವಾ ಔಷಧಿ ಬದಲಿಸಬಹುದು. ಅವನು ಒಪ್ಪಿದರೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನೂ ಇದೆ, ದಿನಾ ಜಗಳ ತಪ್ಪುತ್ತದೆ. ಸಾಯುವ ಮಾತಾಡಿದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಅಂದಹಾಗೆ, ನಿಮ್ಮ ನಿದ್ದೆಯ ಬಗ್ಗೆ ಒಂದು ಸಾಲೂ ಬರೆದಿಲ್ಲವಲ್ಲ? ವಾರಕ್ಕೊಂದು ರಾತ್ರಿಯಾದರೂ ಮನೆಯ ಬೇರೆಯವರು ಅವನ ಜೊತೆಗಿರಲಿ.