ಗೋಡೆ ಒಂದು ಕಡೆ, ಕಂಬಿ ಒಂದು ಕಡೆ

ಪ್ರಶ್ನೆ: ನೆಲಮಹಡಿಯ ಮೇಲೆ ಒಂದು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಸುಟ್ಟ ಇಟ್ಟಿಗೆ, ಹಾಲೋ ಬ್ಲಾಕ್, ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್ – ಪರಿಸರಕ್ಕೆ ಯಾವುದು ಹಗುರ? ಒಂದು ಹಾಲೋ ಬ್ಲಾಕ್ ತಯಾರಿಸಲು ಇಟ್ಟಿಗೆಯ ಮೂರರಷ್ಟು ಶಕ್ತಿ ಬೇಕೆಂದು ಓದಿದೆ.
– ಓದುಗರು, ತುಮಕೂರು

ಉತ್ತರ: ಓದಿದ್ದು ಸುಳ್ಳಲ್ಲ, ಎಣಿಸಿದ ಬಗೆ ತಪ್ಪು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಇಟ್ಟಿಗೆಯೊಂದಕ್ಕೆ 4.25 ಮೆಗಾಜೌಲ್ (ಶಕ್ತಿಯ ಅಳತೆ), 7% ಸಿಮೆಂಟಿನ ಹಾಲೋ ಬ್ಲಾಕಿಗೆ 12.3. ಆದರೆ 400×200×200 ಮಿ.ಮೀ.ನ ಆ ಒಂದು ಬ್ಲಾಕ್ ಕೂರುವ ಜಾಗಕ್ಕೆ ಸುಮಾರು ಎಂಟು ಇಟ್ಟಿಗೆ ಹಿಡಿಯುತ್ತದೆ. ಹಾಗಾಗಿ ಬಿಡಿ ಲೆಕ್ಕ ಬಿಟ್ಟು, ಒಂದು ಚದರ ಮೀಟರ್ ಗೋಡೆಗೆ ಎಷ್ಟು ಎಂದು ನೋಡಿ.

ಗಾರೆಯೂ ಸೇರಿ ಘನ ಮೀಟರ್ ಗೋಡೆಗೆ ಸುಟ್ಟ ಇಟ್ಟಿಗೆ 2141 ಮೆಗಾಜೌಲ್, ಹಾಲೋ ಬ್ಲಾಕ್ 819ರಿಂದ 971, ಮಣ್ಣಿನ ಬ್ಲಾಕ್ ಸಿಮೆಂಟು 6% ಇದ್ದರೆ 646, 8% ಇದ್ದರೆ 810. ದಪ್ಪದಿಂದ ಗುಣಿಸಿದರೆ ಚದರ ಮೀಟರಿಗೆ 230 ಮಿ.ಮೀ. ಇಟ್ಟಿಗೆ ಗೋಡೆ 492, 200 ಮಿ.ಮೀ. ಹಾಲೋ ಬ್ಲಾಕ್ 164–194, 8% ಸಿಮೆಂಟಿನ 230 ಮಿ.ಮೀ. ಮಣ್ಣಿನ ಬ್ಲಾಕ್ 186. ಕೊನೆಯ ಎರಡೂ ಸರಿಸುಮಾರು ಸಮ. ಅವನ್ನು ಬೇರೆ ಮಾಡುವುದು ಪ್ಲಾಸ್ಟರಿಂಗ್. ಎರಡೂ ಬದಿ ಸೇರಿ 30 ಮಿ.ಮೀ. ಬಳಿದರೆ 1:6 ಗಾರೆಯಲ್ಲಿ 38 ಮೆಗಾಜೌಲ್ ಕೂಡುತ್ತದೆ. ಅಗಲ ಸಜ್ಜಾ ಇದ್ದರೆ ಮಣ್ಣಿನ ಬ್ಲಾಕನ್ನು ಬಳಿಯದೆ ಬಿಡಬಹುದು; ಆಗ ಐದಾರು ವರ್ಷಕ್ಕೊಮ್ಮೆ ಬಣ್ಣ ಹೊಡೆಸುವ ಬಾಬತ್ತೂ ಇಲ್ಲ. ನಿರ್ವಹಣೆಯ ಈ ಲೆಕ್ಕವನ್ನು ಮರೆಯುವವರೇ ಹೆಚ್ಚು.

ಆದರೆ ಮಣ್ಣು ಒಗ್ಗಬೇಕು. ಜೇಡಿ ಅಂಶ 10–15% ಇದ್ದು ಉಳಿದದ್ದು ಬಹುಪಾಲು ಮರಳಾಗಿದ್ದರೆ ಒಳ್ಳೆಯದು. ಎರೆ ಮಣ್ಣು ಬೇಡವೇ ಬೇಡ, ನೀರು ಕುಡಿದು ಉಬ್ಬುತ್ತದೆ. ಮೂರು ವಾರ ಒದ್ದೆಯಾಗಿಟ್ಟು ಕ್ಯೂರಿಂಗ್ ಮಾಡದಿದ್ದರೆ ಮಳೆಗೆ ಅಂಚು ಕರಗಿ, ಕೊನೆಗೆ ಪ್ಲಾಸ್ಟರಿಂಗ್ ಮಾಡಿಸಲೇಬೇಕಾಗುತ್ತದೆ, ಉಳಿಸಿದ್ದು ಅಲ್ಲೇ ಹೋಯಿತು. ಮರಳು ಸಾಗಿಸಲು ಘನ ಮೀಟರಿಗೆ, ಕಿ.ಮೀ.ಗೆ 1.75 ಮೆಗಾಜೌಲ್, ನೂರು ಕಿ.ಮೀ. ಆಚೆಯಿಂದ ಬಂದರೆ 175. ಇಟ್ಟಿಗೆಯ 2141ರ ಮುಂದೆ ಅಂಥ ಸಾಗಣೆ ಸಣ್ಣದು, ಮಣ್ಣಿನ ಬ್ಲಾಕಿನ 810ರ ಮುಂದೆ ಅಲ್ಲ.

ನೀವು ಕೇಳದ, ಆದರೆ ಇದಕ್ಕಿಂತ ದೊಡ್ಡ ಬಾಬತ್ತು ಕಂಬಿ. ಅದೇ ಲೆಕ್ಕದಲ್ಲಿ ಉಕ್ಕಿಗೆ ಕೆ.ಜಿ.ಗೆ 42 ಮೆಗಾಜೌಲ್. ಪಿಲ್ಲರ್-ಬೀಮಿನ ಮನೆಗೆ ಚದರಡಿಗೆ 3.5 ಕೆ.ಜಿ. ಹಿಡಿದರೆ 1000 ಚದರಡಿಗೆ 1,47,000. ಇಟ್ಟಿಗೆ ಬಿಟ್ಟು ಮಣ್ಣಿನ ಬ್ಲಾಕ್ ಹಾಕಿದಾಗ 200 ಚದರ ಮೀಟರ್ ಗೋಡೆಯಲ್ಲಿ ಉಳಿಯುವುದು ಸುಮಾರು 61,000. ಪಿಲ್ಲರ್ ಎಬ್ಬಿಸಿ ನಡುವೆ ಮಣ್ಣಿನ ಬ್ಲಾಕ್ ತುಂಬಿ 'ಹಸಿರು ಮನೆ' ಎಂದು ಬೋರ್ಡು ಹಾಕುವುದು ನಮಗೆ ಒಪ್ಪಿಗೆಯಿಲ್ಲ. ತಾರಸಿಗೆ ಕಂಬಿ ಬೇಕೇ ಬೇಕು. ಆದರೆ ಎರಡು ಅಂತಸ್ತಿಗೆ ಗೋಡೆಯೇ ಭಾರ ಹೊರಬಲ್ಲದು. ಒಬ್ಬ ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಿ. ಅದೇ ಅಧ್ಯಯನದಲ್ಲಿ ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡ ನೆಲದ ವಿಸ್ತೀರ್ಣದ ಚದರ ಮೀಟರಿಗೆ 4.21 ಗಿಗಾಜೌಲ್ (ಒಂದು ಗಿಗಾಜೌಲ್ ಅಂದರೆ ಸಾವಿರ ಮೆಗಾಜೌಲ್), ಭಾರ ಹೊರುವ ಇಟ್ಟಿಗೆ ಗೋಡೆಯ ಎರಡಂತಸ್ತು 2.92, ಬದಲಿ ಸಾಮಗ್ರಿಯ ಎರಡಂತಸ್ತು 1.61. ಅಂಕಿಗಳು ಹಳೆಯವು, ಗುಜರಿ ಕರಗಿಸಿದ ಕಂಬಿಗೆ ಶಕ್ತಿ ಕಡಿಮೆ ಸಾಕು. ಕಂಬಿ ಕಂಪನಿಯ ಬಳಿ ಇಪಿಡಿ ಪತ್ರ (ಸಾಮಗ್ರಿಯ ಪರಿಸರ ಲೆಕ್ಕದ ಘೋಷಣೆ) ಇದೆಯೇ ಎಂದು ವಿಚಾರಿಸಿ.

ಶಕ್ತಿ ಬೇರೆ, ಇಂಗಾಲ ಬೇರೆ. ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ತಯಾರಿಸುವಾಗ ಉರುವಲಿನ ಹೊಗೆಯಲ್ಲದೆ ಸುಣ್ಣಕಲ್ಲೇ ಒಂದು ಟನ್ ಕ್ಲಿಂಕರಿಗೆ ಅರ್ಧ ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮೆಗಾಜೌಲಿನಲ್ಲಿ ಅದು ಕಾಣದು. ಕ್ಲಿಂಕರ್ ಕಡಿಮೆ ಇರುವ, ಹಾರುಬೂದಿಯ ಪಿಪಿಸಿ ಸಿಮೆಂಟು ಹಾಕಿಸಿ. ಸಾಮಗ್ರಿ ಪಟ್ಟಿಗೆ 5–10% ಪೋಲು ಸೇರಿಸಿ. ಮನೆ ಕೆಡವಿದ ಮೇಲೆ ಮರುಬಳಕೆಯಿಂದ ಬರುವ ಲಾಭವನ್ನು ಮೊತ್ತದಿಂದ ಕಳೆಯಬೇಡಿ, ಪಕ್ಕದಲ್ಲಿ ಬರೆಯಿರಿ; ಕಟ್ಟಡಗಳ ಪರಿಸರ ಲೆಕ್ಕಕ್ಕಿರುವ ಯುರೋಪಿನ ಇಎನ್ 15978 ಮಾನದಂಡ ಹೇಳುವುದೂ ಅದನ್ನೇ.

ಪ್ರಶ್ನೆ: ಎ.ಸಿ.ಯ ಪರಿಸರ ಲೆಕ್ಕದಲ್ಲಿ ಕರೆಂಟ್ ಮಾತ್ರ ಹಿಡಿದರೆ ಸಾಕೇ?
– ಓದುಗರು, ಬಳ್ಳಾರಿ

ಉತ್ತರ: ಸಾಲದು. ಎ.ಸಿ.ಯೊಳಗೆ ತಂಪು ಮಾಡುವ ಆರ್-32 ಗ್ಯಾಸಿನ ಒಂದು ಕೆ.ಜಿ. 675 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. 0.7 ಕೆ.ಜಿ. ಸೋರಿದರೆ 470 ಕೆ.ಜಿ., ಅಂದರೆ 600ಕ್ಕೂ ಹೆಚ್ಚು ಯೂನಿಟ್ ಕರೆಂಟ್ ಸುಟ್ಟಷ್ಟು. ಮನೆ ಬದಲಿಸುವಾಗ ಪೈಪ್ ಬಿಚ್ಚಿ ಗ್ಯಾಸ್ ಗಾಳಿಗೆ ಬಿಡಲು ಬಿಡಬೇಡಿ. ಹೊರಗಿನ ಯೂನಿಟ್ಟಿನ ಸಣ್ಣ ಪೈಪಿನ ವಾಲ್ವ್ ಮುಚ್ಚಿಸಿ, ಕಂಪ್ರೆಸರ್ ಓಡಿಸಿ, ಗ್ಯಾಸೆಲ್ಲ ಒಳಗೆ ಎಳೆದ ಮೇಲೆ ದಪ್ಪ ಪೈಪಿನದ್ದನ್ನು ಮುಚ್ಚಿ ತಕ್ಷಣ ಆಫ್ ಮಾಡಿಸಿ.