ತಿಗರಿಯೇ ಇಲ್ಲದ ಬಟ್ಟಲು

ನಮಸ್ಕಾರ. ಜಪಾನಿನ ಚಹಾ ಬಟ್ಟಲುಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ವಿಷಯವೂ ಹೊಸದು. ಆದರೆ ಎರಡು ಸಾಲು ನನ್ನನ್ನು ರಾತ್ರಿಯೆಲ್ಲಾ ಕಾಡಿದವು.

ಮೊದಲನೆಯದು: ‘ಕ್ಯೋಟೋದ ಕುಂಬಾರನ ತಿಗರಿಯ ಮೇಲೆ ಹೂವಿನಂತೆ ಅರಳಿದ ರಾಕು ಬಟ್ಟಲು.’

ರಾಕು ಬಟ್ಟಲಿಗೆ ತಿಗರಿಯೇ ಇಲ್ಲ! 16ನೇ ಶತಮಾನದಲ್ಲಿ ಚಹಾ ಗುರು ಸೆನ್ ನೊ ರಿಕ್ಯೂ ಅವರ ಚಹಾಕ್ಕಾಗಿ ಕುಂಬಾರ ಚೋಜಿರೋ ಮಾಡಿದ ಬಟ್ಟಲುಗಳು ಬರೀ ಕೈಯಲ್ಲಿ ಆದವು. ಮಣ್ಣನ್ನು ಅಂಗೈಗಳ ನಡುವೆ ಒತ್ತಿ ಎತ್ತಬೇಕು, ಸ್ವಲ್ಪ ಆರಿದ ಮೇಲೆ ಕೆತ್ತಬೇಕು. ಕಪ್ಪು ರಾಕುವನ್ನಂತೂ ಕೆಂಡದ ಹಾಗೆ ಹೊಳೆಯುವಾಗಲೇ ಇಕ್ಕಳದಲ್ಲಿ ಹಿಡಿದು ಆವಿಗೆಯಿಂದ ಹೊರಗೆ ತೆಗೆಯುತ್ತಾರೆ. ಇಕ್ಕಳ ಕಚ್ಚಿದ ಗುರುತು ಕೆಲವು ಬಟ್ಟಲುಗಳ ಮೈಮೇಲೆ ಹಾಗೇ ಉಳಿದಿರುತ್ತದೆ. ಇಷ್ಟೆಲ್ಲಾ ಇರುವಾಗ ‘ಹೂವಿನಂತೆ’ ಯಾಕೆ ಬೇಕಿತ್ತು?

ನಾನೂ ಇದೇ ತಪ್ಪು ಮಾಡಿದವನು. ಪತ್ರಿಕೆಗೆ ಸೇರಿದ ಮೊದಲ ವರ್ಷ ಕುಂಬಾರರ ಮೇಲೆ ಬರೆಯುತ್ತಾ ‘ಕಾಲಚಕ್ರದಂತೆ ತಿರುಗುವ ತಿಗರಿ’ ಅಂದಿದ್ದೆ. ನಮ್ಮ ಹಿರಿಯ ಸಂಪಾದಕರು ಅದರ ಮೇಲೆ ಗೆರೆ ಎಳೆದು, ‘ತಿಗರಿಯಿಂದ ಗಡಿಗೆ ಬಿಡಿಸೋದು ಹೇಗಯ್ಯಾ?’ ಅಂತ ಕೇಳಿದರು. ಗೊತ್ತಿರಲಿಲ್ಲ. ಮರುದಿನ ಬಸ್ಸು ಹತ್ತಿದೆ. ಕುಂಬಾರಜ್ಜ ಒದ್ದೆ ದಾರವೊಂದನ್ನು ಗಡಿಗೆಯ ಬುಡಕ್ಕೆ ಹಿಡಿದು ಸರಕ್ಕನೆ ಎಳೆದ. ಎತ್ತಿದರೆ ತಳವೇ ಇಲ್ಲ! ಆಮೇಲೆ ಒಳಗೆ ಕಲ್ಲು ಹಿಡಿದು, ಹೊರಗಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ಮುಚ್ಚಿದ. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಕಾಲಚಕ್ರ ತೆಗೆದುಹಾಕಿ ದಾರದ ಬಗ್ಗೆ ಬರೆದೆ.

ಎರಡನೆಯ ಸಾಲು: ‘ಒಡೆದ ಬಟ್ಟಲಿಗೆ ಚಿನ್ನ ಕರಗಿಸಿ ಸುರಿಯುತ್ತಾರೆ, ನಮ್ಮ ಬದುಕೂ ಹಾಗೇ.’

ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಬೇಕು. ಒಡೆದ ಬಟ್ಟಲು ಕೂಡಿಸುವ ಕಿನ್ತ್ಸುಗಿ ಎಂಬ ಜಪಾನಿನ ಕಲೆಯಲ್ಲಿ ಹಾಗೆ ಸುರಿಯುವುದೇ ಇಲ್ಲ. ಚೂರುಗಳನ್ನು ಕೂಡಿಸುವುದು ಉರುಶಿ, ಅಂದರೆ ಒಂದು ಮರದ ಹಾಲು. ಅದು ಗಟ್ಟಿಯಾಗಲು ಒಣ ಗಾಳಿ ಸಾಲದು, ತೇವ ಬೇಕು. ಅದಕ್ಕೇ ಬಟ್ಟಲನ್ನು ತೇವವಿರುವ ಪೆಟ್ಟಿಗೆಯಲ್ಲಿಟ್ಟು ವಾರಗಟ್ಟಲೆ ಕಾಯುತ್ತಾರೆ. ಚಿನ್ನ ಬರುವುದು ಕೊನೆಗೆ, ಪುಡಿಯಾಗಿ, ಹಸಿ ಉರುಶಿಯ ಗೆರೆಯ ಮೇಲೆ ಉದುರಿಸಲು ಮಾತ್ರ. ಬದುಕಿನ ಮಾತು ಹೇಳುವ ಅವಸರದಲ್ಲಿ ನೀವು ಆ ಪೆಟ್ಟಿಗೆಯನ್ನೇ ಬಿಟ್ಟುಬಿಟ್ಟಿದ್ದೀರಿ. ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ.

ಈ ಸಲ ಇಕ್ಕಳದ ಗುರುತಿನಿಂದ ಶುರು ಮಾಡಿ. ಸಂಕ್ರಾಂತಿಯೊಳಗೆ ಕಳಿಸಿ, ಜಾಗ ಇಟ್ಟಿರುತ್ತೇನೆ.