ಠಾಣೆಗಳಲ್ಲಿ ಸಿಸಿಟಿವಿ ಇದ್ದರೂ ಬಂಧಿತರ ಮೇಲಿನ ಹಿಂಸೆ ಏಕೆ ನಿಂತಿಲ್ಲ?

ಕ್ಯಾಮೆರಾ ಕಾಣುವುದು ಠಾಣೆಯ ಒಳಗನ್ನು ಮಾತ್ರ. ಬಂಧನವನ್ನೇ ದಾಖಲಿಸದೆ, ವಿಚಾರಣೆಗೆಂದು ಕರೆದೊಯ್ದವರನ್ನು ಬೇರೆಡೆ ಕೂಡಿಹಾಕಿದರೆ ಅದರಿಂದ ಉಪಯೋಗವಿಲ್ಲ. ಪ್ರವೇಶದ್ವಾರದಿಂದ ಲಾಕಪ್‌ವರೆಗೆ ಧ್ವನಿಯನ್ನೂ ದಾಖಲಿಸುವ ಕ್ಯಾಮೆರಾಗಳಿರಬೇಕು, ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಆದೇಶಿಸಿತು. ಆದರೆ ಅವುಗಳ ದಿನನಿತ್ಯದ ನಿರ್ವಹಣೆಯ ಹೊಣೆ ಅದೇ ಠಾಣಾಧಿಕಾರಿಯದು. ನನಗೆ ದೊಡ್ಡ ಲೋಪವಾಗಿ ಕಾಣುವುದು ಇದೇ.

ಹೀಗಾಗಿ 1996ರ ಡಿ.ಕೆ. ಬಸು ತೀರ್ಪು ಕಡ್ಡಾಯಗೊಳಿಸಿದ ಬಂಧನ ಪತ್ರವೇ ಇಂದಿಗೂ ಗಟ್ಟಿ ಆಸರೆ: ಬಂಧನದ ದಿನಾಂಕ, ಸಮಯ ಬರೆದು, ಮನೆಯವರೊಬ್ಬರು ಅಥವಾ ಆ ಪ್ರದೇಶದ ಗಣ್ಯರೊಬ್ಬರು ಸಾಕ್ಷಿ ಹಾಕಿ, ಬಂಧಿತರೂ ಸಹಿ ಮಾಡುವ ಒಂದು ಹಾಳೆ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಸಂವಿಧಾನದ 22ನೇ ವಿಧಿ ಕೊಟ್ಟಿರುವ 24 ಗಂಟೆಗಳನ್ನು ಎಣಿಸುವಾಗ ಅದರಲ್ಲಿ ಬರೆದ ಸಮಯವೇ ಮುಂದೆ ಬರುತ್ತದೆ; ಬೆಳಿಗ್ಗೆ ಬಂಧಿಸಿದ್ದಾಗಿ ಬರೆದುಬಿಟ್ಟರೆ, ಹಿಂದಿನ ರಾತ್ರಿ ನಡೆದದ್ದು ದಾಖಲೆಗೇ ಸೇರುವುದಿಲ್ಲ.